ಒಗ್ಗರಣೆ ಡಬ್ಬಿಯಲ್ಲೊಂದು ನೆಲಮಾಳಿಗೆ

ಅಮ್ಮ ಹೊಸ ಒಗ್ಗರಣೆ ಡಬ್ಬಿ ತಂದಳು. ಹಳೆಯದು ಗುಜರಿಗೆ ಹೊರಟಿತ್ತು. ಮುಚ್ಚಳದ ಅಂಚು ಒಂದು ಕಡೆ ತಗ್ಗು ಬಿದ್ದು ಸರಿಯಾಗಿ ಕೂರುತ್ತಿರಲಿಲ್ಲ, ಎತ್ತಿದಾಗೆಲ್ಲ ಸಾಸಿವೆ ಚೆಲ್ಲುತ್ತಿತ್ತು. ಆ ಡಬ್ಬಿಯಲ್ಲಿ ಏಳು ಬಟ್ಟಲು. ನಡುವೆ ಒಂದು, ಸುತ್ತ ಆರು. ಅದನ್ನು ನೋಡುತ್ತಾ ನಿಂತವನಿಗೆ ಹೊಳೆದದ್ದು ಸಾಸಿವೆ ಜೀರಿಗೆ ಅಲ್ಲ. ಡಂಜನ್‌ನ, ಅಂದರೆ ಆಟದ ನೆಲಮಾಳಿಗೆಯ, ಒಂದು ಗಂಟೆ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಾವು ನಾಲ್ಕು ಜನ ಶನಿವಾರ ಸಂಜೆ ಸೇರಿ ಹಳೇ ಶೈಲಿಯ ಡಂಜನ್ ಆಟ ಆಡುತ್ತಿದ್ದೆವು. ಕಾಗದ, ದಾಳ ಹಿಡಿದು ಕೂತು, ಕಲ್ಪನೆಯ ಕತ್ತಲೆ ನೆಲಮಾಳಿಗೆಗೆ ಪಂಜು ಹಿಡಿದು ಇಳಿದು, ರಾಕ್ಷಸರನ್ನು ಎದುರಿಸಿ ನಿಧಿ ಹುಡುಕುವ ಕಥೆಯಾಟ. ಒಬ್ಬ ವೈಟ್‌ಫೀಲ್ಡ್‌ಗೆ ಹೋದ. ಇನ್ನೊಬ್ಬ ಯಲಹಂಕಕ್ಕೆ. ಮೂರನೆಯವನಿಗೆ ಮಗು ಆಯಿತು. ಹನುಮಂತನಗರದಲ್ಲಿ ನಾನೊಬ್ಬ ಉಳಿದೆ. ಈ ಊರಿನಲ್ಲಿ ನಾಲ್ಕು ಮೂಲೆಯಿಂದ ನಾಲ್ಕು ಜನ ಒಂದೇ ಸಂಜೆ ಒಂದೇ ಮೇಜಿಗೆ ಬಂದು ಕೂರುವುದಕ್ಕಿಂತ ಡ್ರ್ಯಾಗನ್ ಕೊಲ್ಲುವುದು ಸುಲಭ. ಸರಿ, ಒಬ್ಬನೇ ಆಡೋಣ ಅಂತ ಶುರು ಮಾಡಿದೆ.

ಇದೇನು ಹೊಸ ಹುಚ್ಚಲ್ಲ. ಈ ಬಗೆಯ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಮರುವರ್ಷವೇ, ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್, ಆಟ ಹೊರತಂದ ಕಂಪನಿಯ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಒಬ್ಬರೇ ಆಡುವುದು ಹೇಗೆ ಅಂತ ಬರೆದ. ದಾಳ ಹಾಕು, ಬಂದ ಸಂಖ್ಯೆ ಪಟ್ಟಿಯಲ್ಲಿ ನೋಡು, ಓಣಿ ಎಡಕ್ಕೆ ತಿರುಗುತ್ತೋ ಬಲಕ್ಕೋ ಬರೆದುಕೋ. ಅಷ್ಟೆ. ಐವತ್ತು ವರ್ಷವಾದರೂ ಕೆಲಸ ಅದೇ.

ತೊಂದರೆ ಏನೆಂದರೆ, ಒಬ್ಬನೇ ಆಡುವಾಗ ಆಟ ನಡೆಸಿ ತೀರ್ಪು ಕೊಡುವ ರೆಫರಿ ನಾನೇ, ಆಟಗಾರನೂ ನಾನೇ. ನನ್ನ ಕೈ ನನಗೇ ಮೋಸ ಮಾಡುತ್ತದೆ. ಬೇಕಂತ ಅಲ್ಲ. ಪಂಜು ಎಷ್ಟು ಹೊತ್ತು ಉರಿದಿದೆ ಅನ್ನುವುದು ಮರೆತುಹೋಗುತ್ತದೆ, ಮರೆವು ಯಾವಾಗಲೂ ನನ್ನ ಕಡೆಗೇ ವಾಲುತ್ತದೆ. ಅದಕ್ಕೇ ನನಗೆ ಬೇಕಿದ್ದದ್ದು ಚಂದದ ದಾಳದ ಪೆಟ್ಟಿಗೆ ಅಲ್ಲ. ನನ್ನ ಕೈಗೆ ಮುಂಚೆಯೇ ಏನೂ ಗೊತ್ತಾಗದ ಪೆಟ್ಟಿಗೆ.

ಮೊದಲ ಭಾನುವಾರ: ಮುಚ್ಚಳ, ವಾಸನೆ, ಸದ್ದು

ಮುಚ್ಚಳದ ತಗ್ಗು ಅರ್ಧ ಗಂಟೆಯ ಕೆಲಸ. ಲಟ್ಟಣಿಗೆಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಅದರ ಮೇಲೆ ಮುಚ್ಚಳದ ಅಂಚು ಕೂರಿಸಿ, ಮರದ ತುಂಡಿನಿಂದ ಒಳಗಿನಿಂದ ಹೊರಕ್ಕೆ ಮೆಲ್ಲಗೆ ತಟ್ಟಿದೆ. ಕಬ್ಬಿಣದ ಸುತ್ತಿಗೆ ಮುಟ್ಟಬೇಡಿ. ಸ್ಟೀಲ್ ತೆಳು, ಒಂದು ತಗ್ಗಿಗೆ ಹತ್ತು ತಗ್ಗಾಗುತ್ತದೆ. ಮೊದಲಿನಷ್ಟು ದುಂಡಗೆ ಬರಲಿಲ್ಲ, ಆದರೆ ಮುಚ್ಚಿದರೆ ಕೂರುತ್ತದೆ.

ವಾಸನೆಗೆ ಹುಣಸೆಹುಳಿ ಹಾಕಿ ತಿಕ್ಕಿದೆ, ಅಡುಗೆ ಸೋಡಾ ಹಾಕಿ ನೆನೆಸಿದೆ, ಎರಡು ದಿನ ಟೆರೇಸಿನ ಬಿಸಿಲಿಗೆ ಇಟ್ಟೆ. ಜೀರಿಗೆ ಹೋಯಿತು, ಮೆಂತ್ಯ ಹೋಯಿತು. ಇಂಗು ಹೋಗಲಿಲ್ಲ. ಬಿಟ್ಟುಬಿಟ್ಟೆ. ನನ್ನ ನೆಲಮಾಳಿಗೆಯ ರಾಕ್ಷಸರಿಗೆಲ್ಲ ಈಗ ಇಂಗಿನ ಘಮ.

ಸದ್ದೇ ದೊಡ್ಡ ತಲೆನೋವು. ರಾತ್ರಿ ಹನ್ನೊಂದಕ್ಕೆ ಸ್ಟೀಲ್ ಮುಚ್ಚಳದೊಳಗೆ ದಾಳ ಉರುಳಿಸಿ ನೋಡಿ, ಪಕ್ಕದ ಮನೆಯ ನಾಯಿಯೂ ಎದ್ದು ಕೂರುತ್ತದೆ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದರೆ ಎರಡನೇ ಸ್ಟಾಪ್ ಚಿಕ್ಕಪೇಟೆ. ಇಳಿದು ಅವೆನ್ಯೂ ರೋಡಿನ ಕಡೆ ನಡೆದು, ಒಂದು ಸ್ಟೇಷನರಿ ಅಂಗಡಿಯಲ್ಲಿ ಕಡುಹಸಿರು ಫೆಲ್ಟ್ ಬಟ್ಟೆ ತಂದೆ. ಮುಚ್ಚಳವನ್ನೇ ಅಂಗಾತ ಇಟ್ಟರೆ ದಾಳದ ತಟ್ಟೆ ಆಗುತ್ತದೆ, ಅದರ ತಳಕ್ಕೆ ಈ ಬಟ್ಟೆ.

ಇಲ್ಲಿ ಒಂದು ದಡ್ಡತನ ಮಾಡಿದೆ. ಮನೆಯಲ್ಲಿದ್ದ ಬಿಳಿ ಮರಗೋಂದು ಬಳಿದೆ. ಅದು ಒಣಗುವುದು ನೀರು ಹೀರುವ ವಸ್ತುವಿನ ಮೇಲೆ. ಸ್ಟೀಲ್ ಏನು ಹೀರುತ್ತೆ? ಎರಡು ದಿನ ಬಿಟ್ಟು ಬಟ್ಟೆಯ ಅಂಚು ಹಿಡಿದು ಎಳೆದರೆ ಹಾಲಿನ ಕೆನೆ ಥರ ಪೂರ್ತಿ ಎದ್ದು ಬಂತು. ರಸ್ತೆ ಕೊನೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಮುಚ್ಚಳ ತೆಗೆದುಕೊಂಡು ಹೋದೆ. ಅವರು ಸ್ಟೀಲನ್ನು ಉಪ್ಪುಕಾಗದದಿಂದ ಗೀರಿ, ರಬ್ಬರ್ ಗೋಂದನ್ನು ಎರಡೂ ಕಡೆ ತೆಳ್ಳಗೆ ಬಳಿದು, ಹತ್ತು ನಿಮಿಷ ಸುಮ್ನೆ ಕೂತರು. ಅಂಟು ಕೈಗೆ ಹತ್ತದಷ್ಟು ಒಣಗಿದ ಮೇಲೆ ಒಂದೇ ಏಟಿಗೆ ಒತ್ತಿದರು. "ಇದನ್ನ ಯಾವ ಕಾಲಿಗೆ ಹಾಕ್ಕೊತೀರಿ ಸಾರ್?" ಅಂದರು. ಅದು ಇವತ್ತಿಗೂ ಬಿಟ್ಟಿಲ್ಲ.

ಆರು ಬಟ್ಟಲು, ಆರು ಟರ್ನ್

ನಾನು ಹಿಡಿದಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಬೇಸಿಕ್ ನಿಯಮ. ಅದರಲ್ಲಿ ನೆಲಮಾಳಿಗೆಯ ಹೊತ್ತನ್ನು ಟರ್ನ್‌ಗಳಲ್ಲಿ ಅಳೆಯುತ್ತಾರೆ, ಒಂದು ಟರ್ನ್ ಅಂದರೆ ಹತ್ತು ನಿಮಿಷ. ಪಂಜು ಆರು ಟರ್ನ್ ಉರಿಯುತ್ತದೆ. ಎರಡು ಟರ್ನಿಗೊಮ್ಮೆ ಆರು ಮುಖದ ದಾಳ ಹಾಕಬೇಕು, ಒಂದು ಬಿದ್ದರೆ ಅಲೆಮಾರಿ ರಾಕ್ಷಸ ಎದುರಾಗುತ್ತದೆ. ಐದು ಟರ್ನ್ ನಡೆದ ಮೇಲೆ ಆರನೆಯದರಲ್ಲಿ ಕೂತು ಸುಧಾರಿಸಿಕೊಳ್ಳಬೇಕು.

ಈಗ ಡಬ್ಬಿ ನೋಡಿ. ಸುತ್ತ ಆರು ಬಟ್ಟಲು. ಎರಡು, ನಾಲ್ಕು, ಆರರಲ್ಲಿ ರಾಕ್ಷಸನ ದಾಳ. ಆರನೆಯದು ವಿಶ್ರಾಂತಿ. ಒಂದು ಸುತ್ತು ಮುಗಿದರೆ ಪಂಜು ಖಲಾಸ್. ಇದಕ್ಕಿಂತ ಒಳ್ಳೆಯ ಗಡಿಯಾರ ನಾನು ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮೂವತ್ತು ವರ್ಷದಿಂದ ಬಿದ್ದಿತ್ತು!

ಕಾಗದದ ಮೇಲೆ ಚೆನ್ನಾಗಿದ್ದದ್ದು ಮೊದಲ ಆಟದಲ್ಲೇ ಕೈಕೊಟ್ಟಿತು. ಬಟ್ಟಲುಗಳು ಸಡಿಲ. ಡಬ್ಬಿ ಸ್ವಲ್ಪ ಅಲ್ಲಾಡಿದರೆ ಆರೂ ಸೇರಿ ನಡುವಿನದರ ಸುತ್ತ ರಾಟೆಯಂತೆ ಸರಿಯುತ್ತವೆ. ಒಮ್ಮೆ ಟೀ ಕುಡಿದು ಬಂದು ನೋಡಿದರೆ ಗುರುತು ಎರಡನೇ ಬಟ್ಟಲಲ್ಲಿದೆಯೋ ಮೂರನೆಯದರಲ್ಲೋ ಗೊತ್ತಾಗಲಿಲ್ಲ. ಎರಡಾದರೆ ರಾಕ್ಷಸನ ದಾಳ ಹಾಕಬೇಕು. ಮೂರಾದರೆ ಬೇಡ. ನನ್ನ ಮನಸ್ಸು ಕ್ಷಣದಲ್ಲಿ ಮೂರು ಅಂದಿತು. ಹೇಳಿದೆನಲ್ಲ, ಮರೆವು ಯಾವ ಕಡೆ ವಾಲುತ್ತದೆ ಅಂತ.

ಅಕ್ಕನ ಹಳೇ ನೇಲ್ ಪಾಲಿಶ್ ಒಂದು ಬಾಟಲಿ ಸಿಕ್ಕಿತು. ಪ್ರತಿ ಬಟ್ಟಲಿನ ಅಂಚಿನಲ್ಲಿ ಚುಕ್ಕಿ ಇಟ್ಟೆ, ಒಂದರಿಂದ ಆರರ ತನಕ. ಡಬ್ಬಿಯ ಒಳಗೋಡೆಯಲ್ಲಿ ಮೊದಲ ಬಟ್ಟಲಿಗೆ ಎದುರಾಗಿ ಒಂದು ಗೆರೆ. ಎರಡು, ನಾಲ್ಕು, ಆರರ ತಳದಲ್ಲೂ ಕೆಂಪು ಬಳಿದೆ. ಈಗ ಅವು ಸರಿದರೂ ಪರವಾಗಿಲ್ಲ.

ಟರ್ನ್ ತೋರಿಸುವ ಗುರುತಿಗೆ ಮೊದಲು ಜೆಮ್ ಕ್ಲಿಪ್ ಸಿಕ್ಕಿಸಿದ್ದೆ. ಬಟ್ಟಲಿನ ಅಂಚು ಮಡಚಿ ದಪ್ಪಗಿರುತ್ತದೆ, ಕ್ಲಿಪ್ ನಿಲ್ಲದೆ ಹಾರಿ ಬೀಳುತ್ತಿತ್ತು. ಬಟ್ಟೆ ಕ್ಲಿಪ್ ಹಾಕಿದರೆ ಮುಚ್ಚಳ ಮುಚ್ಚುವುದಿಲ್ಲ. ಆಮೇಲೆ ಬಚ್ಚಲುಮನೆ ಕನ್ನಡಿ ನೋಡಿದೆ. ಯಾರ ಮನೆಯ ಕನ್ನಡಿಯಲ್ಲಿ ಇರಲ್ಲ ಹೇಳಿ, ಸ್ಟಿಕ್ಕರ್ ಬೊಟ್ಟು? ಒಂದನ್ನು ಕಿತ್ತು ತಂದು ಬಟ್ಟಲಿಗೆ ಅಂಟಿಸಿದೆ. ಟರ್ನ್ ಮುಗಿದಾಗ ಕಿತ್ತು ಮುಂದಿನ ಬಟ್ಟಲಿಗೆ. ಸ್ಟೀಲಿನ ಮೇಲೆ ಒಂದು ಹೊಸ ಬೊಟ್ಟು ಆರೇಳು ಸಲ ಕಿತ್ತು ಅಂಟಿಸುವಷ್ಟು ಹೊತ್ತು ಬರುತ್ತದೆ, ಆಮೇಲೆ ಅಂಟು ಸತ್ತುಹೋಗುತ್ತದೆ. ಅಂದರೆ ಹತ್ತಿರ ಹತ್ತಿರ ಒಂದು ಪಂಜಿಗೆ ಒಂದು ಬೊಟ್ಟು. ನಿಯಮದ ಪ್ರಕಾರ ಒಂದು ಚಿನ್ನದ ನಾಣ್ಯಕ್ಕೆ ಆರು ಪಂಜು. ಹಾಗಾಗಿ ಆಟಕ್ಕೆ ಮೊದಲು ಎಷ್ಟು ಪಂಜು ಕೊಂಡಿದ್ದೇನೋ ಅಷ್ಟೇ ಬೊಟ್ಟು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಹಾಳೆಯಲ್ಲಿ ಬೊಟ್ಟು ಮುಗಿದರೆ ಕತ್ತಲೆ.

ಹನ್ನೆರಡು ಮುಖದ ದಾಳ ಕಾಣೆ

ಆನ್‌ಲೈನಲ್ಲಿ ತರಿಸಿದ ಏಳು ದಾಳದ ಸೆಟ್ಟಿನಲ್ಲಿ ಎಂಟು ಮುಖದವು ಎರಡು ಬಂದವು, ಹನ್ನೆರಡರದು ಬರಲೇ ಇಲ್ಲ. ವಾಪಸ್ ಕಳಿಸುವ ಗೋಳು ಬೇಡ ಅಂತ ಚೀಟಿ ಮಾಡಿದೆ. ಇದಕ್ಕೂ ಹಿರಿಯರ ಮೇಲ್ಪಂಕ್ತಿ ಇದೆ. 1979ರಲ್ಲಿ ದಾಳದ ಕೊರತೆಯಾಗಿ, ಆಟದ ಪೆಟ್ಟಿಗೆಯಲ್ಲಿ ದಾಳದ ಬದಲು ಸಂಖ್ಯೆ ಅಚ್ಚಾದ ಕಾಗದದ ಬಿಲ್ಲೆ ಹಾಕಿ ಮಾರಿದ್ದರು.

ನಮ್ಮಲ್ಲಿ ಗಟ್ಟಿ ಕಾಗದಕ್ಕೇನು ಬರ? ಟಿವಿ ಸ್ಟ್ಯಾಂಡಿನ ಕೆಳಗೆ ಮದುವೆ ಆಮಂತ್ರಣಗಳ ಕಂತೆ. ಒಂದು ಕಾರ್ಡಿನಲ್ಲಿ ಹನ್ನೆರಡು ಚೌಕ ಕತ್ತರಿಸಿ, ಹಿಂಬದಿಯಲ್ಲಿ ಸಂಖ್ಯೆ ಬರೆದು ಐದನೇ ಬಟ್ಟಲಿಗೆ ಹಾಕಿದೆ. ಮೂರು ಸಂಜೆ ಆಡಿದ ಮೇಲೆ ಗಮನಕ್ಕೆ ಬಂತು, ಹನ್ನೊಂದು ಜಾಸ್ತಿ ಬರುತ್ತಿದೆ. ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಿದ್ದರಲ್ಲ, ಆ ಮೂಲೆಯ ಚೀಟಿಗೇ ಹನ್ನೊಂದು ಬರೆದಿದ್ದೆ. ಅರಿಶಿನ ಒಣಗಿ ಒರಟಾಗಿತ್ತು. ಕಣ್ಣು ಮುಚ್ಚಿ ತೆಗೆದರೂ ಬೆರಳಿಗೆ ಅದೇ ಸಿಗುತ್ತಿತ್ತು. ಬೇರೆ ಕಾರ್ಡು ಹುಡುಕಿ, ನಡುವಿನ ನಯವಾದ ಭಾಗದಲ್ಲಿ ಮತ್ತೆ ಹನ್ನೆರಡು ಕತ್ತರಿಸಿದೆ. ಆ ದಂಪತಿಗಳಿಗೆ ಒಳ್ಳೆಯದಾಗಲಿ.

ಹುಣಸೆ ಬೀಜ

ನಡುವಿನ ಬಟ್ಟಲು ಖಾಲಿ ಇಟ್ಟಿದ್ದೆ. ಅಲ್ಲಿ ಕೂರಬೇಕಿದ್ದದ್ದು ಪ್ರಶ್ನೆಗೆ ಉತ್ತರ ಹೇಳುವ ಸಾಧನ. ನಿಯಮ ಎಲ್ಲವನ್ನೂ ಹೇಳುವುದಿಲ್ಲ. ಬಾಗಿಲಿಗೆ ಬೀಗ ಇದೆಯಾ? ಈ ಗಾಬ್ಲಿನ್‌ಗೆ, ಅಂದರೆ ಈ ಕುಳ್ಳ ರಾಕ್ಷಸನಿಗೆ, ನಮ್ಮ ಭಾಷೆ ಬರುತ್ತಾ? ಗುಂಪಿನಲ್ಲಿ ಇವಕ್ಕೆ ರೆಫರಿ ಉತ್ತರ ಕೊಡುತ್ತಾನೆ. ಒಬ್ಬನೇ ಆಡುವವರು ಇದಕ್ಕೆ ಆರು ಮುಖದ ದಾಳವನ್ನೋ ಉದ್ದುದ್ದ ಪಟ್ಟಿಯನ್ನೋ ಬಳಸುತ್ತಾರೆ. ನನಗೆ ಚೌಕಾಬಾರ ನೆನಪಾಯಿತು.

ಚೌಕಾಬಾರದಲ್ಲಿ ಕವಡೆ ಇಲ್ಲದ ಮನೆಯವರು ಹುಣಸೆ ಬೀಜದ ಒಂದು ಕಡೆ ಉಜ್ಜಿ ಬಿಳಿ ಮಾಡಿ ಆಡುತ್ತಾರೆ. ನಾಲ್ಕು ಬೀಜ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ. ನಾಲ್ಕೂ ಕಪ್ಪಾದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಇದನ್ನೇ ಹೌದು-ಇಲ್ಲಕ್ಕೆ ತಿರುಗಿಸಿದೆ. ಮೂರು ಬಿಳಿ ಹೌದು. ಒಂದು ಬಿಳಿ ಇಲ್ಲ. ಎರಡು ಬಿದ್ದರೆ ಹೌದು, ಆದರೆ ಏನೋ ಒಂದು ಕೊಕ್ಕೆ ಇದೆ. ಚೌಕ ಅಂದರೆ ಹೌದು, ಅದರ ಮೇಲೆ ಇನ್ನೂ ಏನೋ. ಬಾರ ಅಂದರೆ ಇಲ್ಲ, ಅದರ ಮೇಲೆ ಇನ್ನೂ ಏನೋ. ಬೀಜ ಎರಡೂ ಕಡೆ ಸಮವಾಗಿ ಬೀಳುವುದಾದರೆ 16ರಲ್ಲಿ 6 ಸಲ ಕೊಕ್ಕೆ ಬರುತ್ತದೆ, 4 ಸಲ ಬರೀ ಹೌದು, 4 ಸಲ ಬರೀ ಇಲ್ಲ, ಚೌಕ ಬಾರ ಒಂದೊಂದು ಸಲ. ನನಗೆ ಈ ಲೆಕ್ಕ ತುಂಬಾ ಹಿಡಿಸಿತು. ಬರೀ ಹೌದು-ಇಲ್ಲದಿಂದ ಕಥೆ ಹುಟ್ಟುವುದಿಲ್ಲ, ಕೊಕ್ಕೆಯಿಂದ ಹುಟ್ಟುತ್ತದೆ.

ಬೀಜ ಉಜ್ಜಿದ್ದು ಮನೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ. ಎರಡು ಹನಿ ನೀರು, ಹೆಬ್ಬೆರಳಿನಡಿ ಬೀಜ. ಮೊದಲು ಕಂದು ಸಿಪ್ಪೆ ಮೇಣದಂತೆ ಹೊಳೆಯುತ್ತಾ ಜಾರುತ್ತದೆ, ಕಲ್ಲಿಗೆ ಹಿಡಿಯುವುದೇ ಇಲ್ಲ. ಆಮೇಲೆ ನಡುವೆ ಸಣ್ಣ ಬಿಳಿ ಕಣ್ಣು ತೆರೆಯುತ್ತದೆ. ಅಲ್ಲಿಂದ ಮುಂದೆ ಬೇಗ. ಕಣ್ಣು ಅಗಲವಾಗುತ್ತಾ ಅಂಚಿನ ತನಕ ಹೋಗುತ್ತದೆ, ಕಲ್ಲಿನ ಮೇಲೆ ಕೆನೆ ಬಣ್ಣದ ಗಂಧ ಕೂರುತ್ತದೆ. ನೀರು ಆರಿದರೆ ಬೀಜ ಸುಡುತ್ತದೆ. ಸ್ಕೂಲಿನಲ್ಲಿ ಗಜ್ಜುಗ ಉಜ್ಜಿ ಮುಂದಿನ ಬೆಂಚಿನವನ ಕುತ್ತಿಗೆಗೆ ಇಟ್ಟು ಏಟು ತಿಂದದ್ದು ನೆನಪಾಯಿತು.

ನಾಲ್ಕೂ ಬೀಜವನ್ನು ಅರ್ಧದ ತನಕ ಉಜ್ಜಿದೆ. ನೋಡುವುದಕ್ಕೆ ಬಲು ಚಂದ. ಹಸಿರು ಫೆಲ್ಟಿನ ಮೇಲೆ ನೂರು ಸಲ ಹಾಕಿ ಗೀಟು ಎಳೆದು ಎಣಿಸಿದೆ. 400ರಲ್ಲಿ 243 ಬಿಳಿ. ಅರ್ಧ ಹೋದ ಬೀಜ ಪುಟ್ಟ ದೋಣಿಯಂತೆ, ಬೆನ್ನಿನ ಮೇಲೆ ಕೂರುವುದೇ ಅದಕ್ಕೆ ಇಷ್ಟ. ನನ್ನ ನೆಲಮಾಳಿಗೆ ಎಲ್ಲದಕ್ಕೂ ಹೌದು ಅನ್ನತೊಡಗಿತ್ತು. ನಿಧಿ ಇದೆಯಾ? ಹೌದು. ಕಾವಲುಗಾರ ನಿದ್ದೆ ಮಾಡಿದ್ದಾನಾ? ಹೌದು. ಎರಡು ಸಂಜೆ ನನಗೆ ಬಹಳ ಸುಖವಾಗಿತ್ತು ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಎರಡನೇ ಸಲ ಹುಳಿ ಹಿಂಡಿದ ಚರಟದಿಂದ ಒಂದೇ ಗಾತ್ರದ, ಚಪ್ಪಟೆಯಾದ ಬೀಜಗಳನ್ನು ಆರಿಸಿದೆ. ಬಿಳಿ ಕಣ್ಣು ಅಂಚು ಮುಟ್ಟುವ ಮೊದಲೇ ನಿಲ್ಲಿಸಿದೆ. ದಪ್ಪ ಹೆಚ್ಚು ಕಡಿಮೆ ಹಾಗೇ ಉಳಿಯಿತು. ಮತ್ತೆ ನೂರು ಸಲ. 400ರಲ್ಲಿ 207. ಸಾಕು. ದೇವರ ಮುಂದೆ ಪ್ರಮಾಣ ಮಾಡುವಷ್ಟು ಸಮವಲ್ಲ, ಗಾಬ್ಲಿನ್ ಮುಂದೆ ಮಾಡಬಹುದು. ಐದನೇ ಬೀಜವನ್ನೂ ಮಾಡಿಟ್ಟೆ. ಹೌದು ಅನ್ನುವುದಕ್ಕೆ ಗಟ್ಟಿ ಕಾರಣವಿದ್ದರೆ ಐದು ಹಾಕಿ, ಕಪ್ಪು ಬಿದ್ದದ್ದರಲ್ಲಿ ಒಂದನ್ನು ತೆಗೆದುಬಿಡುತ್ತೇನೆ.

ನಕ್ಷೆ

ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮಕ್ಕಳ ಲೆಕ್ಕದ ಚೌಕುಳಿ ನೋಟ್‌ಬುಕ್ಕು ಡಬ್ಬಿಯ ಅಡಿಗೆ ಇಟ್ಟುಕೊಳ್ಳುತ್ತೇನೆ. ಒಂದು ಚೌಕ ಹತ್ತು ಅಡಿ. ಮೂರು ಚೌಕ ಅಗಲ, ನಾಲ್ಕು ಚೌಕ ಉದ್ದದ ಕೋಣೆ ಬಿಡಿಸಿದಾಗ ಅಮ್ಮ ಬಗ್ಗಿ ನೋಡಿ "ಎಲ್ಲಿ ಈ ಸೈಟು?" ಅಂದಳು. ಲೆಕ್ಕ ಸರಿಯಾಗೇ ಇತ್ತು, ಮೂವತ್ತು-ನಲವತ್ತು. "ನೆಲದ ಕೆಳಗೆ" ಅಂದೆ. "ಖಾತಾ ಆಗಿದೆಯಾ?" ಅಂದಳು.

ಕೋಣೆಯೊಳಗೆ ಏನಿದೆ ಅನ್ನುವುದಕ್ಕೆ ಹಳೇ ನಿಯಮದ ಆರು ಮುಖದ ದಾಳವೇ ಸಾಕು. ಒಂದು, ಎರಡು ಬಿದ್ದರೆ ರಾಕ್ಷಸ. ಮೂರು ಬಲೆ. ನಾಲ್ಕು ವಿಶೇಷ. ಐದು, ಆರು ಖಾಲಿ. ಇನ್ನೊಂದು ದಾಳ ನಿಧಿಗೆ. ಮೂರರಲ್ಲಿ ಒಂದು ಕೋಣೆ ಖಾಲಿ ಅನ್ನುವುದನ್ನು ಬೇಜಾರು ಅಂತ ಬದಲಾಯಿಸಬೇಡಿ. ಖಾಲಿ ಕೋಣೆಯಲ್ಲೂ ಬೊಟ್ಟು ಮುಂದೆ ಹೋಗುತ್ತದಲ್ಲ, ಭಯ ಅಲ್ಲೇ ಇರುವುದು.

ಕಳೆದ ಗುರುವಾರ ರಾತ್ರಿ

ಡಬ್ಬಿ ಪೂರ್ತಿಯಾದ ಮೇಲಿನ ಮೊದಲ ಆಟ. ಒಬ್ಬನೇ ವೀರನನ್ನು ಕಳಿಸಿದರೆ ಮೊದಲ ಏಟಿಗೇ ಸಾಯುತ್ತಾನೆ, ಒಂದನೇ ಹಂತದವರ ಜೀವ ಅಷ್ಟೇ. ಹಾಗಾಗಿ ಮೂರು ಜನ. ಕೆಂಚ, ಕತ್ತಿಯವನು, ಐದು ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಜೀವದ ಲೆಕ್ಕ. ತುಂಗಿ, ಕಳ್ಳಿ, ಮೂರು. ಪಂಜು ಹಿಡಿಯಲು ಕೂಲಿಗೆ ಬಂದ ಬಸ್ಯ, ಎರಡು. ಜಾಗ, ಒಂದು ಪಾಳು ಚಿನ್ನದ ಗಣಿ.

ಬೊಟ್ಟು ನಾಲ್ಕನೇ ಬಟ್ಟಲಿಗೆ ಬಂತು. ತಳದಲ್ಲಿ ಕೆಂಪು. ದಾಳ ಹಾಕಿದೆ. ಒಂದು. ಓಣಿಯ ಕತ್ತಲಿನಿಂದ ಐದು ಗಾಬ್ಲಿನ್. ಎದುರಾದವರ ಮನಸ್ಸು ಹೇಗಿದೆ ಅನ್ನುವುದಕ್ಕೆ ಎರಡು ದಾಳ ಕೂಡಬೇಕು. ಎರಡು ಬಂದರೆ ಮೇಲೆ ಬೀಳುತ್ತಾರೆ, ಹನ್ನೆರಡು ಬಂದರೆ ಗೆಳೆಯರಾಗುತ್ತಾರೆ. ನನಗೆ ಏಳು ಬಂತು. ಅನುಮಾನ, ಇನ್ನೂ ತೀರ್ಮಾನ ಇಲ್ಲ. ಐದು ಗಾಬ್ಲಿನ್ ಓಣಿಯಲ್ಲಿ ನಿಂತಿವೆ, ಹೊಡೆಯುತ್ತಿಲ್ಲ. ಯಾಕೆ?

ಬೀಜ ಕೈಗೆ ತೆಗೆದುಕೊಂಡೆ. ಕೇಳಿದ್ದು ಇಷ್ಟೇ: ಇವು ಯಾವುದರಿಂದಲೋ ತಪ್ಪಿಸಿಕೊಂಡು ಓಡಿ ಬರುತ್ತಿವೆಯಾ? ಹಾಕಿದೆ. ಮೂರು ಬಿಳಿ ಬಿದ್ದವು. ನಾಲ್ಕನೆಯದು ಮುಚ್ಚಳದ ಅಂಚಿಗೆ ಒರಗಿ ಸೆಟೆದು ನಿಂತಿತು. ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಕಪ್ಪು ಅಂತ ಲೆಕ್ಕ ಹಾಕಿದರೆ ಬರೀ ಹೌದು, ನನಗೆ ಹಿತ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು, ಯಾವ ಕಡೆ ಬೀಳುತ್ತೆ ಅನ್ನುವುದೂ ಕಾಣುತ್ತಿತ್ತು. ಒರಗಿ ನಿಂತರೆ ನಾಲ್ಕನ್ನೂ ಮತ್ತೆ ಹಾಕಬೇಕು ಅಂತ ನೋಟ್‌ಬುಕ್ಕಿನ ರಟ್ಟಿನ ಒಳಗೆ ನಾನೇ ಬರೆದಿದ್ದೆ, ಅದೂ ಪೆನ್ನಿನಲ್ಲಿ. ಮತ್ತೆ ಹಾಕಿದೆ.

ಚೌಕ.

ಹೌದು, ಅದರ ಮೇಲೆ ಇನ್ನೂ ಏನೋ. ಓಡಿ ಬರುತ್ತಿವೆ, ಅಟ್ಟಿಸಿಕೊಂಡು ಬಂದದ್ದು ಹತ್ತಿರದಲ್ಲೇ ಇದೆ. ನಾನೇ ಕೂತು ಬರೆದಿದ್ದರೆ ಈ ಗಾಬ್ಲಿನ್‌ಗಳು ಹೊಡೆದಾಡಿ ಸಾಯುತ್ತಿದ್ದವು, ಅಷ್ಟೆ. ಈಗ ಐದು ಗಾಬ್ಲಿನ್ ಮತ್ತು ಮೂರು ಮನುಷ್ಯರು ಒಂದೇ ಬಾಗಿಲಿಗೆ ಒಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಆಚೆಯಿಂದ ಯಾವುದೋ ಒಂದು ಬಾಗಿಲನ್ನು ಮೂಸುತ್ತಿದೆ. ಅದೇನು ಅಂತ ನನಗೂ ಗೊತ್ತಿಲ್ಲ, ಇನ್ನೂ ದಾಳ ಹಾಕಿಲ್ಲ. ಮರುದಿನ ಬೆಳಿಗ್ಗೆ ಬೇಗ ಏಳಬೇಕಿತ್ತು. ಮುಚ್ಚಳ ಮುಚ್ಚಿ ಮಲಗಿದೆ.

ಇನ್ನು ಉಳಿದ ಕೆಲಸ: ಎರಡನೇ ಬಟ್ಟಲಿನ ನೇಲ್ ಪಾಲಿಶ್ ಆಗಲೇ ಎದ್ದು ಬರುತ್ತಿದೆ. ಚುಕ್ಕಿ ಇಡುವ ಮೊದಲು ಸ್ಟೀಲನ್ನು ಗೀರಬೇಕಿತ್ತು, ಗೋಂದಿನ ಪಾಠ ಇಲ್ಲಿಗೂ ಅನ್ವಯ ಅಂತ ಹೊಳೆಯಲಿಲ್ಲ. ಲಾಂದ್ರಕ್ಕೂ ಒಂದು ವ್ಯವಸ್ಥೆ ಬೇಕು. ಅದು 24 ಟರ್ನ್ ಉರಿಯುತ್ತದೆ, ಅಂದರೆ ಡಬ್ಬಿಯ ನಾಲ್ಕು ಸುತ್ತು, ಸುತ್ತು ಎಣಿಸಲು ಸದ್ಯಕ್ಕೆ ಏನೂ ಇಲ್ಲ. ಅವಸರವೇನಿಲ್ಲ. ಲಾಂದ್ರಕ್ಕೆ ಹತ್ತು ಚಿನ್ನದ ನಾಣ್ಯ, ಕೆಂಚನ ಹತ್ತಿರ ಇರುವುದು ನಾಲ್ಕು. ಬೊಟ್ಟು ಇನ್ನೂ ನಾಲ್ಕನೇ ಬಟ್ಟಲಿನಲ್ಲೇ ಇದೆ. ಹಾಳೆಯಲ್ಲಿ ಉಳಿದಿರುವುದು ಎರಡು.